ಎಐ ಕೈಗೆ ಯಾವ ಕೆಲಸ ಕೊಡಬಹುದು, ಯಾವುದು ಬೇಡ

2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯ ಹೋಗಿ ಅಂತಿಮ ದರ್ಶನ ಪಡೆದರು. ಅವರ ಕಚೇರಿ ಆ ಸುದ್ದಿಯನ್ನು ಕನ್ನಡದಲ್ಲಿ ಸಾಮಾಜಿಕ ಜಾಲತಾಣದಲ್ಲಿ ಹಾಕಿತು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಯಂತ್ರ ಅದನ್ನು ತಾನಾಗಿಯೇ ಇಂಗ್ಲಿಷಿಗೆ ಅನುವಾದಿಸಿದಾಗ, ತೀರಿಕೊಂಡವರು ಸಿದ್ದರಾಮಯ್ಯ ಎಂದಾಗಿಬಿಟ್ಟಿತ್ತು! ಅನುವಾದ ಸರಿಹೋಗುವ ತನಕ ಕನ್ನಡಕ್ಕೆ ಈ ಸೌಲಭ್ಯ ನಿಲ್ಲಿಸಿ ಎಂದು ಮುಖ್ಯಮಂತ್ರಿ ಕಚೇರಿ ಮೆಟಾಗೆ ಪತ್ರ ಬರೆಯಿತು. ಮೆಟಾ ಕ್ಷಮೆ ಕೇಳಿತು.

ಯಂತ್ರ ಎಡವಿದ್ದು ಎಲ್ಲಿ ಎಂದು ಊಹಿಸುವುದು ಕಷ್ಟವಲ್ಲ. ಕನ್ನಡದಲ್ಲಿ ‘ನಿನ್ನೆ ನಿಧನರಾದ’ ಎಂದರೆ ಅದು ಮುಂದೆ ಬರುವ ಹೆಸರಿಗೆ ಸೇರುತ್ತದೆ. ಇಂಗ್ಲಿಷಿನ ಕ್ರಮ ಇದಕ್ಕೆ ಉಲ್ಟಾ. ವಾಕ್ಯದ ಶುರುವಿನಲ್ಲೇ ಮುಖ್ಯಮಂತ್ರಿಯ ಹೆಸರು ಬಂದು, ಅದರ ಬೆನ್ನಿಗೇ ಸಾವಿನ ಮಾತು ಬಂದರೆ ಎರಡನ್ನೂ ಗಂಟು ಹಾಕುವ ಅಪಾಯ ಇದ್ದೇ ಇದೆ. ಕನ್ನಡ ಬಲ್ಲ ಯಾರಾದರೂ ಮೂಲ ನೋಡಿದ ಕ್ಷಣವೇ ತಪ್ಪು ಹಿಡಿಯುತ್ತಾರೆ. ಆದರೆ ಅನುವಾದ ಬೇಕಾಗಿದ್ದೇ ಕನ್ನಡ ಬಾರದವರಿಗೆ ಅಲ್ವಾ? ಅವರಿಗೆ ಪರೀಕ್ಷಿಸುವ ದಾರಿಯೇ ಇರಲಿಲ್ಲ.

ದಿನದ ಕೆಲಸದಲ್ಲಿ ಎಐ ಬಳಸುವಾಗಿನ ಮುಖ್ಯ ತೊಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ನಮಗೆ ಗೊತ್ತಿರುವ ವಿಷಯದಲ್ಲಿ ಅದರ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಿಕೊಳ್ಳುತ್ತೇವೆ. ಗೊತ್ತಿಲ್ಲದ ವಿಷಯದಲ್ಲಿ ತಪ್ಪು ಕಾಣುವುದಿಲ್ಲ, ಹಾಗಾಗಿ ಅಲ್ಲೇ ಅದನ್ನು ಜಾಸ್ತಿ ನಂಬುತ್ತೇವೆ. ಎಐ ಬಗ್ಗೆ ಓಡಾಡುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಇದೇ ಬೇರಿನಿಂದ ಹುಟ್ಟಿದವು.

ಅದು ಹುಡುಕಿ ಹೇಳುತ್ತಿಲ್ಲ

ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಜೆಮಿನಿ, ಕ್ಲಾಡ್, ಕೋಪೈಲಟ್ ಕೂಡ ಅದೇ ಬಳಗದವು. ಇವುಗಳ ಒಳಗಿರುವುದು ಭಾಷಾ ಮಾದರಿ. 2017ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸ ಇವಕ್ಕೆ ತಳಪಾಯ. ರಾಶಿ ರಾಶಿ ಬರಹ ಓದಿಸಿ, ‘ಇಷ್ಟು ಮಾತು ಆದ ಮೇಲೆ ಮುಂದೆ ಯಾವ ತುಣುಕು ಬರಬಹುದು’ ಎಂದು ಊಹಿಸುವುದನ್ನು ಮಾದರಿಗೆ ಕಲಿಸಿರುತ್ತಾರೆ. ಆ ತುಣುಕಿಗೆ ಟೋಕನ್ ಎಂದು ಹೆಸರು. ಆಮೇಲೆ ಯಾವ ಥರದ ಉತ್ತರ ಜನರಿಗೆ ಹಿಡಿಸುತ್ತದೆ ಎಂದು ತೋರಿಸಿ ಇನ್ನಷ್ಟು ತಿದ್ದುತ್ತಾರೆ. ನೀವು ಪ್ರಶ್ನೆ ಕೇಳಿದಾಗ ಅದು ಒಂದೊಂದೇ ಟೋಕನ್ ಇಡುತ್ತ ಉತ್ತರ ಕಟ್ಟುತ್ತದೆ. ಎಲ್ಲೋ ಜೋಡಿಸಿಟ್ಟ ಕಡತದಿಂದ ತೆಗೆದು ಓದುವುದಿಲ್ಲ.

ಹೀಗಾಗಿ ಸರಿ ಉತ್ತರ, ತಪ್ಪು ಉತ್ತರ ಎರಡೂ ಒಂದೇ ದಾರಿಯಲ್ಲಿ ಹುಟ್ಟುತ್ತವೆ. ಎರಡರ ಭಾಷೆಯೂ ಒಂದೇ ಥರ ನಯವಾಗಿರುತ್ತದೆ. ಮನುಷ್ಯರಾದರೆ ಗೊತ್ತಿಲ್ಲದ ವಿಷಯ ಬಂದಾಗ ಸ್ವಲ್ಪ ತಡವರಿಸುತ್ತಾರೆ, ದನಿ ಇಳಿಸುತ್ತಾರೆ. ಅದನ್ನು ನೋಡಿ ನಾವು ಎಷ್ಟು ನಂಬಬೇಕು ಎಂದು ಅಂದಾಜು ಮಾಡುತ್ತೇವೆ. ಇಲ್ಲಿ ಆ ಸುಳಿವು ಸಿಗುವುದು ಕಡಿಮೆ.

ನ್ಯೂಯಾರ್ಕಿನ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿಮಾನದಲ್ಲಿ ಊಟದ ಗಾಡಿ ಮೊಣಕಾಲಿಗೆ ಬಡಿದು ಗಾಯವಾಯಿತು ಎಂದು ಪ್ರಯಾಣಿಕರೊಬ್ಬರು ಏವಿಯಾಂಕಾ ಸಂಸ್ಥೆಯ ಮೇಲೆ ದಾವೆ ಹೂಡಿದ್ದರು. ಅವರ ವಕೀಲರು ಹಳೆಯ ತೀರ್ಪುಗಳನ್ನು ಹುಡುಕಲು ಚಾಟ್‌ಜಿಪಿಟಿ ಬಳಸಿದರು. ಅದು ಕೊಟ್ಟ ತೀರ್ಪುಗಳಲ್ಲಿ ಹಲವು ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ಪ್ರಕರಣದ ಹೆಸರು, ಉಲ್ಲೇಖ ಎಲ್ಲವೂ ಹೊಸೆದದ್ದು. 2023ರ ಜೂನ್‌ನಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು.

ಈ ಸುದ್ದಿ ಓದಿದವರು ‘ವಕೀಲರು ಪರೀಕ್ಷಿಸಲೇ ಇಲ್ಲ’ ಎಂದುಕೊಳ್ಳುತ್ತಾರೆ. ಪರೀಕ್ಷಿಸಿದ್ದರು! ‘ಈ ತೀರ್ಪು ನಿಜವಾಗಿಯೂ ಇದೆಯೇ’ ಎಂದು ಕೇಳಿದ್ದರು. ಕೇಳಿದ್ದು ಮಾತ್ರ ಅದೇ ಚಾಟ್‌ಜಿಪಿಟಿಯನ್ನು. ಇದೆ ಎಂದು ಅದು ಹೇಳಿತ್ತು. ಆ ಉತ್ತರವೂ ಮೊದಲಿನದರಂತೆ ಟೋಕನ್ ಜೋಡಿಸಿ ಕಟ್ಟಿದ್ದೇ. ‘ನಿಜ ತಾನೇ?’ ಎಂದು ಅದನ್ನೇ ಕೇಳುವುದರಿಂದ ಏನೂ ಖಚಿತವಾಗುವುದಿಲ್ಲ. ಹಲವು ಸಲ ‘ತಪ್ಪಲ್ವಾ?’ ಎಂದು ಸುಮ್ನೆ ಗದರಿದರೆ ಸರಿಯಾದ ಉತ್ತರವನ್ನೂ ಬದಲಿಸಿ, ಕ್ಷಮೆ ಬೇರೆ ಕೇಳುತ್ತದೆ.

ಇಂಥದ್ದೇ ಮಾತು ನಮ್ಮ ಊರಲ್ಲೂ ಎದ್ದಿತು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್ ಕೊನೆಯಲ್ಲಿ ಒಂದು ಆದೇಶ ಕೊಟ್ಟಿತು. ಅದರಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖವಿತ್ತು. ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂದಕ್ಕೆ ಪಡೆಯಲಾಯಿತು. ಎಐ ಬಳಸಿದ್ದರಿಂದ ಹೀಗಾಯಿತೇ ಎಂಬ ಚರ್ಚೆ ತೆರಿಗೆ ವಲಯದಲ್ಲಿ ಜೋರಾಗಿಯೇ ನಡೆಯಿತು.

‘ಗೊತ್ತಿಲ್ಲ’ ಎಂದು ಅದು ಯಾಕೆ ಹೇಳುವುದಿಲ್ಲ? ಇದಕ್ಕೆ ಒಂದು ಕಾರಣವನ್ನು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಸಂಶೋಧಕರೇ 2025ರ ಸೆಪ್ಟೆಂಬರ್‌ನಲ್ಲಿ ವಿವರಿಸಿದ್ದಾರೆ. ಮಾದರಿಗಳನ್ನು ಅಳೆಯುವ ಪರೀಕ್ಷೆಗಳಲ್ಲಿ ಸರಿ ಉತ್ತರಕ್ಕೆ ಅಂಕ ಸಿಗುತ್ತದೆ. ತಪ್ಪಿಗೂ ಸೊನ್ನೆ, ‘ಗೊತ್ತಿಲ್ಲ’ ಎಂದರೂ ಸೊನ್ನೆ. ನಮ್ಮ ಸಿಇಟಿ ಬರೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿಲ್ಲದ ಪ್ರಶ್ನೆಗೂ ಒಂದು ಗುಂಡು ತುಂಬಿಯೇ ಹೊರಗೆ ಬರುತ್ತಾರೆ. ಅಂಕ ಕಳೆಯುವ ನೀಟ್‌ನಲ್ಲಿ ಅದೇ ಹುಡುಗ ಯೋಚಿಸಿ ಬಿಡುತ್ತಾನೆ. ಊಹಿಸಿದರೆ ಲಾಭ ಎಂದು ಕಲಿತ ಯಂತ್ರ ಊಹಿಸುತ್ತದೆ.

ಈಗಿನ ಹಲವು ಎಐಗಳು ಇಂಟರ್ನೆಟ್ಟಿನಲ್ಲಿ ಹುಡುಕಿ, ಲಿಂಕ್ ಸಮೇತ ಉತ್ತರ ಕೊಡುತ್ತವೆ. ಇದರಿಂದ ತಪ್ಪು ಕಡಿಮೆಯಾಗಿದೆ ನಿಜ. ಆದರೆ ಲಿಂಕ್ ಇದ್ದ ಮಾತ್ರಕ್ಕೆ ಅಲ್ಲಿ ಆ ಮಾತು ಇದೆ ಎಂದರ್ಥವಲ್ಲ. ಕೆಲವೊಮ್ಮೆ ಪುಟ ಇರುತ್ತದೆ, ಅದರಲ್ಲಿ ಬೇರೆಯೇ ಏನೋ ಬರೆದಿರುತ್ತದೆ. ಸರ್ಕಾರಿ ಸುತ್ತೋಲೆ, ಔಷಧಿಯ ಪ್ರಮಾಣ, ಕೊನೆಯ ದಿನಾಂಕ, ಕಾನೂನಿನ ಕಲಮು, ಇಂಥವು ಬಂದಾಗ ಲಿಂಕ್ ತೆರೆದು ಆ ಸಾಲನ್ನು ಕಣ್ಣಾರೆ ಓದಲೇಬೇಕು.

ಕಂಪ್ಯೂಟರ್ ಅಂದಮೇಲೆ ಲೆಕ್ಕ ತಪ್ಪಲ್ಲ ಎನ್ನುವುದು

ಈ ನಂಬಿಕೆ ಹಳೆಯ ಅನುಭವದಿಂದ ಬಂದದ್ದು. ಕ್ಯಾಲ್ಕ್ಯುಲೇಟರ್, ಎಕ್ಸೆಲ್, ಟ್ಯಾಲಿ ಯಾವುದೂ ಕೂಡುವುದರಲ್ಲಿ ತಪ್ಪುವುದಿಲ್ಲ. ಭಾಷಾ ಮಾದರಿ ಆ ಜಾತಿಯದ್ದಲ್ಲ. ಅದು ಸಂಖ್ಯೆಯನ್ನೂ ಟೋಕನ್ ತುಣುಕುಗಳಾಗಿಯೇ ನೋಡುತ್ತದೆ. ಚಿಕ್ಕ ಲೆಕ್ಕ ಸರಿ ಬರುತ್ತದೆ. ನೂರಾರು ಸಾಲಿನ ಪಟ್ಟಿಯ ಮೊತ್ತ ಕೇಳಿದರೆ ಹತ್ತಿರದ ಒಂದು ಸಂಖ್ಯೆ ಬರಬಹುದು. ಹತ್ತಿರದ ಸಂಖ್ಯೆಯೇ ಅಪಾಯ, ಯಾಕೆಂದರೆ ಅನುಮಾನ ಬರುವುದಿಲ್ಲ.

ದಾರಿ ಸುಲಭ. ಮೊತ್ತ ಕೇಳಬೇಡಿ, ಸೂತ್ರ ಕೇಳಿ. ಬಿಲ್‌ನಲ್ಲಿ 18% ಜಿಎಸ್‌ಟಿ ಸೇರಿ 11,800 ರೂಪಾಯಿ ಇದೆ ಎಂದುಕೊಳ್ಳಿ. ತೆರಿಗೆ ಬಿಟ್ಟು ಎಷ್ಟು ಎಂದು ಬೇಕು. 11,800ಕ್ಕೆ 18% ಹಾಕಿದರೆ 2,124 ಬರುತ್ತದೆ, ಅದು ತಪ್ಪು. 1.18ರಿಂದ ಭಾಗಿಸಬೇಕು, ಆಗ 10,000 ರೂಪಾಯಿ ಬೆಲೆ, 1,800 ತೆರಿಗೆ. ಇದಕ್ಕೆ ಎಕ್ಸೆಲ್ ಸೂತ್ರ ಬರೆದುಕೊಡು ಎಂದು ಎಐಗೆ ಹೇಳಿ, ಉತ್ತರ ಗೊತ್ತಿರುವ ಒಂದು ಬಿಲ್ ಮೇಲೆ ಓಡಿಸಿ ನೋಡಿ. ಸೂತ್ರ ಸರಿ ಇದ್ದರೆ ಉಳಿದ ಸಾವಿರ ಸಾಲನ್ನು ಎಕ್ಸೆಲ್ ತಪ್ಪಿಲ್ಲದೆ ಮಾಡುತ್ತದೆ. ಕೆಲವು ಎಐಗಳು ತಾವೇ ಒಳಗೆ ಪ್ರೋಗ್ರಾಂ ಬರೆದು ಓಡಿಸಿ ಲೆಕ್ಕ ಹೇಳುತ್ತವೆ. ಹಾಗೆ ಮಾಡಿದಾಗ ನಂಬಿಕೆ ಜಾಸ್ತಿ ಇಡಬಹುದು.

ಸಮಯ ಉಳಿಯುತ್ತದೆಯೇ?

‘ಎಐ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ’ ಎನ್ನುವುದನ್ನು ಈಗ ಯಾರೂ ಪ್ರಶ್ನಿಸುವುದೇ ಇಲ್ಲ. ಅಳೆದು ನೋಡಿದವರಿಗೆ ಸಿಕ್ಕ ಚಿತ್ರ ಅಷ್ಟು ಸರಳವಾಗಿಲ್ಲ. ಮೂರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತುಂಬಾ ವಿಷಯ ತಿಳಿಯುತ್ತದೆ.

ಒಂದು, ಅಮೆರಿಕದ್ದು. ಸಾಫ್ಟ್‌ವೇರ್ ಕಂಪನಿಯೊಂದರ ಗ್ರಾಹಕ ಸೇವೆಯಲ್ಲಿದ್ದ 5,000ಕ್ಕೂ ಹೆಚ್ಚು ಜನರ ಕೆಲಸವನ್ನು ಅರ್ಥಶಾಸ್ತ್ರಜ್ಞರು ನೋಡಿದರು. ಗ್ರಾಹಕರಿಗೆ ಏನು ಉತ್ತರ ಕೊಡಬಹುದು ಎಂದು ಎಐ ಸಲಹೆ ಕೊಡುತ್ತಿತ್ತು. ಗಂಟೆಗೆ ಬಗೆಹರಿಸಿದ ದೂರುಗಳ ಸಂಖ್ಯೆ ಸರಾಸರಿ 14% ಏರಿತು ಎಂದು 2023ರಲ್ಲಿ ವರದಿ ಮಾಡಿದರು. ಹೊಸಬರಲ್ಲಿ 34% ಏರಿಕೆ. ಅನುಭವಿಗಳಿಗೆ ಹೆಚ್ಚುಕಡಿಮೆ ಏನೂ ಲಾಭವಿಲ್ಲ.

ಎರಡನೆಯದು 2025ರದ್ದು, ಮೆಟ್ರ್ ಎಂಬ ಸಂಸ್ಥೆ ಮಾಡಿದ್ದು. 16 ಜನ ಅನುಭವಿ ಪ್ರೋಗ್ರಾಮರ್‌ಗಳು, 246 ಕೆಲಸಗಳು. ಎಲ್ಲವೂ ಅವರು ವರ್ಷಗಟ್ಟಲೆ ನೋಡಿಕೊಂಡು ಬಂದ ಪ್ರಾಜೆಕ್ಟ್‌ಗಳದ್ದೇ. ಎಐ ಇದ್ದರೆ 24% ಬೇಗ ಆಗುತ್ತದೆ ಎಂದು ಅವರು ಮೊದಲೇ ಅಂದಾಜು ಮಾಡಿದ್ದರು. ಮುಗಿದ ಮೇಲೆ 20% ಬೇಗ ಆಯಿತು ಎಂದು ಹೇಳಿದರು. ಗಡಿಯಾರ ಹೇಳಿದ್ದು ಬೇರೆ: 19% ತಡವಾಗಿತ್ತು. ಪ್ರಶ್ನೆ ಬರೆಯುವುದು, ಉತ್ತರಕ್ಕೆ ಕಾಯುವುದು, ಬಂದದ್ದನ್ನು ಓದಿ ತಿದ್ದುವುದು, ಇದರಲ್ಲೇ ಸಮಯ ಹೋಗಿತ್ತು. ಆಮೇಲೆ ಎಐಗಳು ಸುಧಾರಿಸಿವೆ, ಈ ಅಂಕಿ ಇಂದಿಗೂ ಹಾಗೇ ಇರಬೇಕಿಲ್ಲ. ನನಗೆ ಮುಖ್ಯವಾಗಿ ಕಂಡದ್ದು, ಮನಸ್ಸಿಗೆ ಅನ್ನಿಸಿದ್ದಕ್ಕೂ ಗಡಿಯಾರಕ್ಕೂ ನಡುವೆ ಇದ್ದ ಅಂತರ. ತಮ್ಮ ಕೆಲಸ ಚೆನ್ನಾಗಿ ಬಲ್ಲವರಿಗೂ ಅದು ಗೊತ್ತಾಗಲಿಲ್ಲ.

ಮೂರನೆಯದು ಹಾರ್ವರ್ಡ್ ಮತ್ತಿತರ ಕಡೆಯ ಸಂಶೋಧಕರು ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ 758 ಸಲಹೆಗಾರರ ಜೊತೆ 2023ರಲ್ಲಿ ಮಾಡಿದ್ದು. ಎಐಗೆ ಒಗ್ಗುವ ಕೆಲಸಗಳಲ್ಲಿ ಅದನ್ನು ಬಳಸಿದವರು 25% ಬೇಗ ಮುಗಿಸಿದರು, ಗುಣಮಟ್ಟವೂ 40%ಗೂ ಹೆಚ್ಚು ಏರಿತು. ಜೊತೆಗೆ ಎಐ ಎಡವುವಂತೆ ಬೇಕೆಂದೇ ಹೆಣೆದ ಒಂದು ಕೆಲಸ ಕೊಟ್ಟಿದ್ದರು. ಅದರಲ್ಲಿ ಎಐ ಬಳಸಿದವರು ಸರಿ ಉತ್ತರ ತಲುಪುವ ಸಾಧ್ಯತೆ, ಬಳಸದವರಿಗಿಂತ 19 ಶೇಕಡಾ ಅಂಶ ಕಡಿಮೆ ಇತ್ತು. ಎರಡು ಕೆಲಸಗಳೂ ಹೊರಗಿನಿಂದ ನೋಡಲು ಒಂದೇ ಥರ ಕಾಣುತ್ತಿದ್ದವು.

ಈಗ ಒಂದು ಗಂಟು ಕಾಣುತ್ತದೆ. ಲಾಭ ಜಾಸ್ತಿ ಸಿಗುವುದು ಹೊಸಬರಿಗೆ. ತಪ್ಪು ಹಿಡಿಯಲು ಬಾರದವರೂ ಹೊಸಬರೇ. ಹಾಗಾದರೆ ಗ್ರಾಹಕ ಸೇವೆಯಲ್ಲಿ ಹೊಸಬರು ಗೆದ್ದದ್ದು ಹೇಗೆ? ಅಲ್ಲಿನ ಎಐ ಅದೇ ಕೆಲಸದ ನಿಜವಾದ ಸಂಭಾಷಣೆಗಳಿಂದ ಕಲಿತಿತ್ತು, ಅದರಲ್ಲೂ ಚೆನ್ನಾಗಿ ಕೆಲಸ ಮಾಡುವವರ ರೀತಿಯನ್ನು ಹಿಡಿದಿತ್ತು. ಅಂದರೆ ಅನುಭವಿಗಳ ಜಾಣತನವೇ ಎಐ ಮೂಲಕ ಹೊಸಬರಿಗೆ ಹರಿಯಿತು. ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಗೆ ‘ಚಾಟ್‌ಜಿಪಿಟಿ ಕೇಳಿಕೋ’ ಎಂದು ಬಿಟ್ಟುಬಿಡುವುದು ಇದಕ್ಕೆ ಸಮವಲ್ಲ. ಹಳಬರು ಬರೆದ ನಾಲ್ಕು ಒಳ್ಳೆಯ ಪತ್ರಗಳನ್ನು ಮುಂದಿಟ್ಟು, ‘ಈ ರೀತಿಯಲ್ಲಿ ಕರಡು ಮಾಡಿಸು, ನಾನು ಒಮ್ಮೆ ನೋಡುತ್ತೇನೆ’ ಎಂದರೆ ಸಮ.

ನಿಮ್ಮ ಕೆಲಸದಲ್ಲಿ ಸಮಯ ಉಳಿಯುತ್ತದೆಯೇ ಎಂದು ತಿಳಿಯಲು ಗಡಿಯಾರ ಇಟ್ಟುಕೊಳ್ಳಿ. ಒಂದೇ ಬಗೆಯ ಕೆಲಸವನ್ನು ಕೆಲವು ಸಲ ಎಐ ಜೊತೆ, ಕೆಲವು ಸಲ ಇಲ್ಲದೆ ಮಾಡಿ. ಓದಿ ತಿದ್ದುವ ಸಮಯವನ್ನು ಲೆಕ್ಕಕ್ಕೆ ಸೇರಿಸುವುದನ್ನು ಮರೆಯಬೇಡಿ.

ಇಂಗ್ಲಿಷಿನಲ್ಲಿ ಚೆನ್ನಾಗಿದ್ದರೆ ಕನ್ನಡದಲ್ಲೂ ಚೆನ್ನಾಗಿರುತ್ತದೆಯೇ?

2011ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ. ಇಷ್ಟು ಜನರ ಭಾಷೆ ಇಂಟರ್ನೆಟ್ಟಿನಲ್ಲಿ ಇರುವುದು ಮಾತ್ರ ಚೂರು. ಮಾದರಿ ಓದಿದ ಬರಹದಲ್ಲಿ ಇಂಗ್ಲಿಷಿನದೇ ಸಿಂಹಪಾಲು.

ಇನ್ನೊಂದು ಅಡ್ಡಿ ಅಕ್ಷರದ ಮಟ್ಟದಲ್ಲೇ ಇದೆ. ಇಂಟರ್ನೆಟ್ಟಿನಲ್ಲಿ ಬಳಸುವ ಸಂಕೇತ ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ‘ಸ್ತ್ರೀ’ ಬರೆದಾಗ ನಮಗೆ ಕಾಣುವುದು ಒಂದೇ ಅಕ್ಷರ, ಯಂತ್ರದ ಒಳಗೆ ಅದು 6 ಚಿಹ್ನೆ, 18 ಬೈಟ್. ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡು ಟೋಕನ್ ಪಟ್ಟಿ ಮಾಡದಿದ್ದರೆ, ಒಂದೊಂದು ಪದವೂ ಹತ್ತಾರು ಚೂರಾಗಿ ಒಡೆಯುತ್ತದೆ. ಅದೇ ಮಾತಿಗೆ ಖರ್ಚು ಜಾಸ್ತಿ, ನಿಧಾನ ಜಾಸ್ತಿ. ಇತ್ತೀಚಿನ ಮಾದರಿಗಳಲ್ಲಿ ಇದು ಎಷ್ಟೋ ಸುಧಾರಿಸಿದೆ. ಐಐಟಿ ಮದ್ರಾಸಿನ ಎಐ4ಭಾರತ್, ಕೇಂದ್ರ ಸರ್ಕಾರದ ಭಾಷಿಣಿ, ಬೆಂಗಳೂರಿನ ಸರ್ವಂ ಕೂಡ ಭಾರತೀಯ ಭಾಷೆಗಳಿಗಾಗಿಯೇ ದುಡಿಯುತ್ತಿವೆ.

ಆದರೂ ಎಐ ಬರೆಯುವ ಕನ್ನಡದಲ್ಲಿ ಇಂಗ್ಲಿಷಿನ ಎಲುಬು ಎದ್ದು ಕಾಣುತ್ತದೆ. ಒಂದೇ ಪತ್ರದಲ್ಲಿ ‘ನೀನು’, ‘ನೀವು’ ಎರಡೂ ಬರುತ್ತವೆ. ಪಹಣಿ, ಪೋಡಿ, ಖಾತಾ, ಆಕಾರಬಂದ್ ಇಂಥ ಕಂದಾಯ ಇಲಾಖೆಯ ಮಾತುಗಳಲ್ಲಿ ಅದನ್ನು ಕಣ್ಣುಮುಚ್ಚಿ ನಂಬಲೇಬಾರದು. ನನ್ನ ಸಲಹೆ: ಹೇಳಬೇಕಾದ್ದನ್ನು ನೀವೇ ಒರಟಾಗಿ ಕನ್ನಡದಲ್ಲಿ ಬರೆಯಿರಿ, ಕಾಗುಣಿತ ತಿದ್ದಲು, ಕ್ರಮ ಸರಿಪಡಿಸಲು ಎಐಗೆ ಕೊಡಿ. ‘ಅರ್ಜಿ ಬರೆದುಕೊಡು’ ಎಂದು ಖಾಲಿ ಕೈಯಲ್ಲಿ ಕೇಳಿದರೆ ಸಿಗುವುದಕ್ಕಿಂತ ಇದು ಎಷ್ಟೋ ಮೇಲು.

ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ

ಎರಡು ವಿರುದ್ಧ ನಂಬಿಕೆಗಳು ಒಟ್ಟೊಟ್ಟಿಗೆ ಓಡಾಡುತ್ತಿವೆ. ಒಂದು, ‘ನಾನು ತಿದ್ದಿದ್ದನ್ನು ಅದು ಕಲಿತುಕೊಳ್ಳುತ್ತದೆ’. ಇನ್ನೊಂದು, ‘ನಾನು ಹಾಕಿದ್ದು ನನ್ನ ಫೋನಿನಲ್ಲೇ ಇರುತ್ತದೆ’. ನೀವು ಮಾತಾಡುವಾಗ ಮಾದರಿ ಬದಲಾಗುವುದಿಲ್ಲ. ಆ ಮಾತುಕತೆಯ ಹಿಂದಿನ ಸಾಲುಗಳನ್ನು ಪ್ರತಿ ಸಲ ಮತ್ತೆ ಓದಿಕೊಂಡು ಉತ್ತರ ಕೊಡುತ್ತದೆ, ಅಷ್ಟೆ. ನೆನಪಿನ ಸೌಲಭ್ಯ ಇದ್ದರೂ ಅದು ಪಕ್ಕದಲ್ಲಿ ಬರೆದಿಟ್ಟ ಟಿಪ್ಪಣಿ ಇದ್ದಂತೆ. ಆದರೆ ನೀವು ಹಾಕಿದ ಮಾತು ಕಂಪನಿಯ ಸರ್ವರ್‌ಗೆ ಹೋಗುವುದು ನಿಜ. ಹಲವು ಉಚಿತ ಸೇವೆಗಳಲ್ಲಿ, ಸೆಟ್ಟಿಂಗ್ಸ್‌ನಲ್ಲಿ ಬೇಡ ಎನ್ನದಿದ್ದರೆ, ಮುಂದಿನ ಮಾದರಿಗೆ ಕಲಿಸಲು ಅದನ್ನು ಬಳಸಬಹುದು.

2023ರಲ್ಲಿ ಸ್ಯಾಮ್‌ಸಂಗ್ ತನ್ನ ಸಿಬ್ಬಂದಿಗೆ ಇಂಥ ಎಐ ಬಳಕೆ ನಿಷೇಧಿಸಿತು. ಕಂಪನಿಯ ಗೋಪ್ಯ ಪ್ರೋಗ್ರಾಂ ಅನ್ನು ಕೆಲವರು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿತ್ತು. 2025ರ ಜನವರಿಯಲ್ಲಿ ನಮ್ಮ ಕೇಂದ್ರ ಹಣಕಾಸು ಸಚಿವಾಲಯವೂ ಕಚೇರಿ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬೇಡಿ ಎಂದು ಸಿಬ್ಬಂದಿಗೆ ಸೂಚಿಸಿತು. ರೋಗಿಯ ವರದಿ, ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ವಿದ್ಯಾರ್ಥಿಯ ಹೆಸರು, ಇವು ನಿಮ್ಮ ಸ್ವತ್ತಲ್ಲ. ಬೇರೆಯವರು ನಿಮ್ಮನ್ನು ನಂಬಿ ಕೊಟ್ಟದ್ದು. ಅವನ್ನು ಅಳಿಸಿಯೇ ಎಐಗೆ ಹಾಕಬೇಕು.

ಎಐ ಬರೆದದ್ದನ್ನು ಪತ್ತೆ ಹಚ್ಚುವ ತಂತ್ರಾಂಶಗಳ ಬಗ್ಗೆಯೂ ಎರಡು ಮಾತು, ಯಾಕೆಂದರೆ ಮೇಷ್ಟ್ರುಗಳು, ಸಂಪಾದಕರು ಅವನ್ನು ಬಳಸಿ ಜನರನ್ನು ತಪ್ಪಿತಸ್ಥರನ್ನಾಗಿ ಮಾಡುತ್ತಿದ್ದಾರೆ. ಓಪನ್‌ಎಐ ತಾನೇ ಅಂಥದ್ದೊಂದನ್ನು 2023ರ ಜನವರಿಯಲ್ಲಿ ಬಿಟ್ಟಿತ್ತು. ಅದು ಎಐ ಬರಹದಲ್ಲಿ ಹಿಡಿದದ್ದು 26% ಮಾತ್ರ, ಮನುಷ್ಯರು ಬರೆದದ್ದರಲ್ಲೂ 9%ಕ್ಕೆ ಎಐ ಎಂದು ಹಣೆಪಟ್ಟಿ ಹಚ್ಚಿತ್ತು. ಜುಲೈನಲ್ಲಿ ಅದನ್ನು ಹಿಂದಕ್ಕೆ ಪಡೆದರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಏಳು ತಂತ್ರಾಂಶಗಳನ್ನು ನೋಡಿದರು. ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಸರಾಸರಿ 61%ನ್ನು ಅವು ಎಐ ಬರಹ ಎಂದವು. ನಮ್ಮ ಮಕ್ಕಳು ಬರೆಯುವ ಸರಳ ಇಂಗ್ಲಿಷಿಗೂ ಇದೇ ಗತಿ ಆಗಬಹುದು. ಇಂಥ ತಂತ್ರಾಂಶದ ಮಾತು ಕೇಳಿ ಯಾರ ಅಂಕವನ್ನೂ ಕಳೆಯಬಾರದು.

ತಪ್ಪಾದರೆ ಯಾರು ಹೊಣೆ

ಕೆನಡಾದಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬರು ಏರ್ ಕೆನಡಾದ ಚಾಟ್‌ಬಾಟ್‌ನಲ್ಲಿ ರಿಯಾಯಿತಿ ಟಿಕೆಟ್ ಬಗ್ಗೆ ಕೇಳಿದರು. ಈಗ ಪೂರ್ತಿ ದುಡ್ಡು ಕೊಟ್ಟು ಹೋಗಿ, 90 ದಿನದೊಳಗೆ ಅರ್ಜಿ ಹಾಕಿ ವಾಪಸ್ ಪಡೆಯಿರಿ ಎಂದು ಅದು ಹೇಳಿತು. ಕಂಪನಿಯ ನಿಯಮದಲ್ಲಿ ಹಾಗೆ ಇರಲಿಲ್ಲ. ದುಡ್ಡು ಕೇಳಿದಾಗ ಕಂಪನಿ ಒಪ್ಪಲಿಲ್ಲ. ಚಾಟ್‌ಬಾಟ್ ಕೊಟ್ಟ ಮಾಹಿತಿಗೆ ತಾನು ಹೊಣೆಯಲ್ಲ ಎಂದು ವಾದಿಸಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಗ್ರಾಹಕರಿಗೆ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. 2025ರಲ್ಲಿ ಡೆಲಾಯ್ಟ್ ಎಂಬ ಸಲಹಾ ಕಂಪನಿ ಆಸ್ಟ್ರೇಲಿಯಾ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಇಲ್ಲದ ಆಕರಗಳು ಸಿಕ್ಕವು, ಕಂಪನಿ ಶುಲ್ಕದ ಒಂದು ಭಾಗ ವಾಪಸ್ ಕೊಡಬೇಕಾಯಿತು. ‘ಎಐ ಹಾಗೆ ಹೇಳಿತ್ತು’ ಎನ್ನುವುದು ಈ ಎರಡು ಕಡೆಯೂ ನಡೆಯಲಿಲ್ಲ. ಸಹಿ ಯಾರದೋ, ಹೊಣೆಯೂ ಅವರದೇ.

ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಎಐ ಬಳಕೆಯ ನೀತಿಯೊಂದನ್ನು ತಂದಿತು. ಬಳಸಲೇಬೇಡಿ ಎಂದು ಅದು ಹೇಳಲಿಲ್ಲ. ತೀರ್ಮಾನಕ್ಕೆ ಬರಲು, ತೀರ್ಪು ಕೊಡಲು ಬಳಸುವಂತಿಲ್ಲ. ಯಂತ್ರ ಮಾಡಿದ ಅನುವಾದವನ್ನು ಬಲ್ಲವರು ನೋಡಲೇಬೇಕು. ಎಐಯನ್ನು ಎಲ್ಲೆಲ್ಲಿ ಬಳಸಲಾಯಿತು, ಯಾರು ಪರಿಶೀಲಿಸಿದರು ಎಂಬ ದಾಖಲೆ ಇಡಬೇಕು. ಈ ಕೊನೆಯ ನಿಯಮ ನನಗೆ ತುಂಬಾ ಹಿಡಿಸಿತು. ಬ್ಯಾಂಕಿನ ಶಾಖೆ, ಶಾಲೆ, ಆಡಿಟರ್ ಕಚೇರಿ, ಪತ್ರಿಕೆಯ ಡೆಸ್ಕ್, ಎಲ್ಲಿ ಬೇಕಾದರೂ ಇದನ್ನು ಮಾಡಬಹುದು. ಒಂದು ನೋಟ್‌ಬುಕ್ ಸಾಕು: ಯಾವ ಕೆಲಸಕ್ಕೆ ಎಐ ಬಳಸಿದಿರಿ, ಯಾರು ಓದಿ ನೋಡಿದರು, ಏನು ತಪ್ಪು ಸಿಕ್ಕಿತು. ಕೆಲವು ತಿಂಗಳು ಬರೆದರೆ, ನಿಮ್ಮ ಕಚೇರಿಯ ಯಾವ ಕೆಲಸದಲ್ಲಿ ಅದು ಮತ್ತೆ ಮತ್ತೆ ಎಡವುತ್ತದೆ, ಯಾವುದರಲ್ಲಿ ತಪ್ಪೇ ಇಲ್ಲ ಎಂಬುದು ನಿಮ್ಮದೇ ಅಂಕಿಗಳಲ್ಲಿ ಸಿಗುತ್ತದೆ.